ಆಪ್‌ನ ದೊಡ್ಡ ಅಪ್‌ಗ್ರೇಡ್‌ಗೆ ದುಡ್ಡು ಹೇಗೆ ತಗೊಳ್ಳೋದು?

ಗಂಗಾವತಿಯ ರೈಸ್ ಮಿಲ್‌ಗಳಿಗೆ ಲೆಕ್ಕದ ಆಪ್ ಮಾಡಿರುವ ಗೆಳೆಯರು ಕೇಳಿದ್ದಾರೆ: ಎರಡನೇ ಆವೃತ್ತಿಯನ್ನು ಹೊಸ ಆಪ್ ಆಗಿ ಮಾರಲಾ, ಚಂದಾ ಇಡಲಾ, ಇಲ್ಲಾ ಒಂದು ವರ್ಷದ ಅಪ್‌ಡೇಟ್ ಸೇರಿಸಿ ಲೈಸೆನ್ಸ್ ಕೊಡಲಾ?

ಹಳೇ ಗಿರಾಕಿಗೆ ರಿಯಾಯಿತಿ ಕೊಡಬೇಕು ಅಲ್ವಾ? ಆಪಲ್ ಆಪ್ ಸ್ಟೋರ್‌ನಲ್ಲಿ ಅಪ್‌ಗ್ರೇಡ್‌ಗೆ ಬೇರೆ ಬೆಲೆ ಇಡುವ ನೇರ ದಾರಿ ಇಲ್ಲ. ಹೊಸ ಆಪ್ ಹಾಕಿದರೆ ಸಾಮಾನ್ಯವಾಗಿ ಹಳಬರೂ ಪೂರ್ತಿ ಬೆಲೆ ಕೊಡಬೇಕಾಗುತ್ತದೆ. ಪ್ಲೇ ಸ್ಟೋರ್‌ನಲ್ಲಿ ಒಮ್ಮೆ ಉಚಿತವಾಗಿ ಬಿಟ್ಟ ಆಪ್‌ಗೆ ಆಮೇಲೆ ಬೆಲೆ ಇಡಲು ಬರೋದಿಲ್ಲ. ನಿಮ್ಮದೇ ವೆಬ್‌ಸೈಟ್‌ನಲ್ಲಿ ಲೈಸೆನ್ಸ್ ಮಾರಿದರೆ ಈ ತೊಡಕಿಲ್ಲ.

ಆದಾಯದ ಮಾತಿಗೆ ಬಂದರೆ ಚಂದಾ ಸ್ಥಿರ. ಸರ್ವರ್ ಖರ್ಚು, ಜಿಎಸ್‌ಟಿ ಬದಲಾವಣೆ ಬೆನ್ನುಹತ್ತಿದ್ದರೆ ಅದೇ ಸರಿ. ಆದರೆ ಮಿಲ್‌ಗೆ ಭತ್ತ ಬರೋದು ಸೀಸನ್ ನೋಡಿಕೊಂಡು. ತಿಂಗಳ ಕಂತಿಗಿಂತ ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಕೇಳಿ. ಚಂದಾ ನಿಲ್ಲಿಸಿದವರಿಗೂ ಹಳೇ ಲೆಕ್ಕ ನೋಡಲು, ಪ್ರಿಂಟ್ ತೆಗೆಯಲು ಬಿಡಲೇಬೇಕು. ಅದು ಅವರ ಲೆಕ್ಕ, ನಿಮ್ಮದಲ್ಲ.

ಇಂಟರ್‌ನೆಟ್ ಇಲ್ಲದೆ ಒಂದೇ ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶವಾದರೆ ಲೈಸೆನ್ಸ್ ಒಳ್ಳೆಯದು. ವರ್ಷ ಮುಗಿದರೂ ಇದ್ದ ಆವೃತ್ತಿ ನಡೆಯುತ್ತದೆ. ಪೂರ್ತಿ ಹೊಸದಾಗಿ ಬರೆದಿದ್ದರೆ, ಹಳೇ ಗಿರಾಕಿಗಳು ಕಡಿಮೆ ಇದ್ದರೆ ಮಾತ್ರ ಹೊಸ ಆಪ್ ಮಾಡಿ.