ರಾಕೆಟ್ ರೆಕ್ಕೆಗೆ ಫೋಮ್ ತುಂಬಿಸಬೇಕಾ? ಮೂರು ಬಾಲ ಕಟ್ಟಿ ನೋಡಿದೆ

ನಮ್ಮ ಉಡುಪಿ ಕಡೆ ಹವ್ಯಾಸಕ್ಕೆ ರಾಕೆಟ್ ಹಾರಿಸುವವರಿಗೆ ಸಿಗುವ ಬಯಲು ಅಂದರೆ ಪದವು. ಕೊಯ್ಲಾದ ಗದ್ದೆ ಮೆತ್ತಗಿರುತ್ತದೆ ನಿಜ, ಆದರೆ ಸುತ್ತ ತೆಂಗು, ಕರೆಂಟ್ ಕಂಬ, ಮನೆ. ಪದವಿನಲ್ಲಿ ಜಾಗ ಬೇಕಾದಷ್ಟು ಉಂಟು, ನೆಲ ಮಾತ್ರ ಗಟ್ಟಿ ಕೆಂಪುಕಲ್ಲು. ಪ್ಯಾರಾಶೂಟ್ ಸರಿಯಾಗಿ ಬಿಚ್ಚಿಕೊಂಡರೂ ರಾಕೆಟ್ ಸೆಕೆಂಡಿಗೆ 5–6 ಮೀಟರ್ ವೇಗದಲ್ಲಿ ಬಂದು ಬೀಳುತ್ತದೆ. ಮೊದಲು ಕಲ್ಲಿಗೆ ತಾಗುವುದು ರೆಕ್ಕೆಯ ತುದಿ.

ಅಕ್ಕನ ಮಗಳ ಕಾಲೇಜು ತಂಡದ ರಾಕೆಟ್ ಕಳೆದ ವರ್ಷ ಹೀಗೇ ಇಳಿಯಿತು. ಹಾರುವಾಗ ಏನೂ ಆಗಲಿಲ್ಲ. ಇಳಿದಾಗ ಒಂದು ರೆಕ್ಕೆ ಬುಡಸಮೇತ ಕಿತ್ತು ಬಂತು, ಜೊತೆಗೆ ಕೊಳವೆಯ ಅಂಗೈಯಗಲದ ಚೂರು. ಅವಳು ಆ ಚೂರನ್ನು ನನ್ನ ಮೇಜಿನ ಮೇಲಿಟ್ಟು, "ಮಾವ, ಒಳಗೆ ಫೋಮ್ ತುಂಬಿಸಿದ್ರೆ ಹೇಗೆ? ಅಮೆರಿಕದಲ್ಲಿ ತುಂಬಾ ಜನ ತುಂಬಿಸ್ತಾರಂತೆ" ಎಂದು ಕೇಳಿದಳು.

ಸುಮ್ನೆ ಹೌದು ಅಥವಾ ಬೇಡ ಅನ್ನಲು ಮನಸ್ಸಾಗಲಿಲ್ಲ. ಒಂದೇ ಅಳತೆಯ ಮೂರು ಬಾಲ ಕಟ್ಟೋಣ ಅಂದೆ. ರೆಕ್ಕೆ, ಮೋಟರ್ (ಮದ್ದು ಉರಿಯುವ ಎಂಜಿನ್) ಕೂರುವ ಟ್ಯೂಬ್, ಅದನ್ನು ಕೊಳವೆಯ ನಡುವೆ ಹಿಡಿಯುವ ರಿಂಗ್ ಎಲ್ಲ ಸೇರಿದ ಭಾಗಕ್ಕೆ ಫಿನ್ ಕ್ಯಾನ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಬಾಲ. ಮೊದಲೇ ಒಂದು ಮಾತು: ನಾನು ಮಾಡಿದ್ದು ಬಾಲದ ಕೆಲಸ ಮಾತ್ರ. ಮೋಟರ್‌ನ ಮದ್ದಿಗೆ ಪರವಾನಗಿ ಬೇಕು. ಅದು ಮನೆಯಲ್ಲಿ ಮಾಡಿ ನೋಡುವ ವಿಷಯ ಅಲ್ಲವೇ ಅಲ್ಲ.

ಅಳತೆ ಹೀಗಿತ್ತು. ಹೊರಗಿನ ರಟ್ಟಿನ ಕೊಳವೆಯ ಒಳ ಅಗಲ 98 ಮಿಲಿಮೀಟರ್. ನಡುವೆ ಮೋಟರ್ ಟ್ಯೂಬ್, 58 ಮಿ.ಮೀ. ಎರಡರ ನಡುವೆ ಸುತ್ತಲೂ 20 ಮಿ.ಮೀ. ಖಾಲಿ. ಮೇಲೊಂದು ಕೆಳಗೊಂದು ಪ್ಲೈವುಡ್ ರಿಂಗ್. ನಾಲ್ಕು ಮಿ.ಮೀ. ಪ್ಲೈವುಡ್‌ನ ಮೂರು ರೆಕ್ಕೆ. ಬುಡ 20 ಸೆಂಟಿಮೀಟರ್, ಹೊರಚಾಚು 9 ಸೆಂಟಿಮೀಟರ್. ರೆಕ್ಕೆಯ ಬುಡ ಕೊಳವೆಯ ಸೀಳಿನಿಂದ ಒಳಗೆ ಹೋಗಿ ಮೋಟರ್ ಟ್ಯೂಬ್‌ಗೆ ಅಂಟುತ್ತದೆ. ಹೊರಗಿನ ಮೂಲೆಗಳಿಗೆ ಮೂರಕ್ಕೂ ಒಂದೇ ರೀತಿ ಎಪಾಕ್ಸಿ (ಎರಡು ಭಾಗ ಕಲಸಿ ಹಾಕುವ ಗಟ್ಟಿ ಅಂಟು) ಎಳೆದೆ. ವ್ಯತ್ಯಾಸ ಇದ್ದದ್ದು ಒಳಗೆ ಮಾತ್ರ: ಒಂದರಲ್ಲಿ ಎಪಾಕ್ಸಿ ಫಿಲೆಟ್, ಒಂದರಲ್ಲಿ ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಫೋಮ್, ಇನ್ನೊಂದರಲ್ಲಿ ಪಫ್, ಅಂದರೆ ಎರಡು ಡಬ್ಬಿಯ ದ್ರವ ಕಲಸಿ ಹೊಯ್ಯುವ ಪಾಲಿಯುರೆಥೇನ್ ಫೋಮ್.

ಎಪಾಕ್ಸಿ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಮೂಲೆಗೆ ಅಂಟು ಹಾಕಿ, ಕಡ್ಡಿಯ ದುಂಡು ತುದಿಯಿಂದ ಗುಳಿ ಬರುವ ಹಾಗೆ ಎಳೆಯುವುದೇ ಫಿಲೆಟ್. ಐದು ನಿಮಿಷದ್ದು ಬೇಡ, ನಿಧಾನವಾಗಿ ಗಟ್ಟಿಯಾಗುವುದೇ ಬೇಕು. ಏಪ್ರಿಲ್ ಸೆಕೆಯಲ್ಲಿ ನಿಧಾನದ್ದೂ ಬೇಗ ಬಿಗಿಯುತ್ತದೆ. ಹಾಗಾಗಿ ಒಂದು ಸಲಕ್ಕೆ ಒಂದು ಮೂಲೆಗೆ ಬೇಕಾದಷ್ಟೇ ಕಲಸಿದೆ. ಮಳೆಗಾಲದಲ್ಲಿ ಇನ್ನೊಂದು ಕಿರಿಕಿರಿ. ಗಟ್ಟಿಯಾದ ಎಪಾಕ್ಸಿ ಮೇಲೆ ಜಿಡ್ಡಿನಂಥ ತೆಳು ಪದರ ಬರುತ್ತದೆ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಪಾಲಿಶ್ ಪೇಪರ್ ಹಾಕದೆ ಮೇಲೆ ಇನ್ನೊಂದು ಕೈ ಎಳೆದರೆ ಹಿಡಿಯುವುದಿಲ್ಲ. ಒಳಗಿನ ಎಲ್ಲ ಮೂಲೆ ಸೇರಿ 22 ಗ್ರಾಂ ಅಂಟು ಹೋಯಿತು. ಕೆಲಸಕ್ಕೆ ಮೂರು ಸಂಜೆ ಬೇಕಾಯಿತು. ಒಂದು ಮೂಲೆ ಗಟ್ಟಿಯಾಗುವವರೆಗೆ ಕೊಳವೆ ತಿರುಗಿಸುವ ಹಾಗಿಲ್ಲ, ಅಂಟು ಹರಿಯುತ್ತದೆ.

ಸ್ಪ್ರೇ ಫೋಮ್ ಬಹಳ ಸುಲಭ ಅನಿಸಿತು. ಕ್ಯಾನ್ ಕುಲುಕಿ, ಪೈಪ್ ತೂರಿಸಿ, ಒತ್ತಿದರೆ ಆಯಿತು. ಬಾಗಿಲ ಚೌಕಟ್ಟಿನ ಸಂದಿಗೆ ಹಾಕುವಾಗ ಎಷ್ಟು ಚೆನ್ನಾಗಿ ಬರುತ್ತದೆ ಅಲ್ವಾ? ಇಲ್ಲಿಯೂ ಉಬ್ಬಿತು, ತೂತುಗಳಿಂದ ಹೊರಗೆ ಬಂತು, ಹೊರಗೆ ಬಂದದ್ದು ಗಟ್ಟಿಯೂ ಆಯಿತು. ನಾಲ್ಕು ದಿನ ಬಿಟ್ಟು ಗರಗಸದಲ್ಲಿ ಅಡ್ಡ ಕೊಯ್ದೆ. ರಿಂಗಿನ ಪಕ್ಕ ಎರಡು ಬೆರಳಿನಷ್ಟು ಜಾಗದಲ್ಲಿ ಮಾತ್ರ ಸರಿಯಾದ ಫೋಮ್. ನಡುವೆ ಹಲಸಿನ ಮೇಣ ನೋಡಿದ ಹಾಗೆ, ಹಳದಿ ಅಂಟು. ಗರಗಸದ ಹಲ್ಲಿಗೆ ಮೆತ್ತಿಕೊಂಡು ನೂಲಿನಂತೆ ಎಳೆಯಿತು. ಬೆರಳಿಗೆ ತಾಗಿದ್ದು ಎರಡು ದಿನ ಹೋಗಲಿಲ್ಲ.

ಕಾರಣ ಸರಳ. ಒಂಟಿ ಕ್ಯಾನ್‌ನ ಫೋಮ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ನಮ್ಮೂರಿನ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಆದರೆ ಎಪಾಕ್ಸಿ ಬಳಿದ ಗೋಡೆ, ರಿಂಗ್, ಮುಚ್ಚಿದ ಕೊಳವೆ ಇವನ್ನು ದಾಟಿ ಆ ತೇವ ಒಳಗೆ ಹೋಗುವುದೇ ಇಲ್ಲ. ಮೊದಲು ಗಟ್ಟಿಯಾದ ಹೊರಪದರವೇ ಒಳಗಿನದಕ್ಕೆ ಮುಚ್ಚಳ ಆಗಿಬಿಡುತ್ತದೆ. ಒಳಗೆ ಸ್ವಲ್ಪ ನೀರು ಸಿಂಪಡಿಸಿ, ತೆಳ್ಳಗೆ ಪದರ ಪದರವಾಗಿ ಹಾಕಬಹುದು ನಿಜ. ಅಷ್ಟು ಕಷ್ಟಪಡುವುದಾದರೆ ಪಫ್ ಹಾಕುವುದೇ ಮೇಲು.

ಪಫ್ ತಂದದ್ದು ಮಲ್ಪೆಯ ಒಂದು ಬೋಟ್ ಶೆಡ್ಡಿನಿಂದ. ಬೋಟಿನಲ್ಲಿ ಮೀನು, ಐಸ್ ಹಾಕುವ ಕೋಣೆಯ ಗೋಡೆಗೆ ಇದನ್ನೇ ಹೊಯ್ಯುತ್ತಾರೆ, ಐಸ್ ಬೇಗ ಕರಗಬಾರದೆಂದು. ಅಲ್ಲಿ ಕೆಲಸ ಮಾಡುವ ಅಣ್ಣ ಎರಡು ಬಾಟಲಿಯಲ್ಲಿ ಅರ್ಧರ್ಧ ಲೀಟರ್ ಹಾಕಿ ಕೊಟ್ಟರು. ಒಂದು ಕಾಫಿ ಡಿಕಾಕ್ಷನ್ ಬಣ್ಣದ ಐಸೊಸೈನೇಟ್, ಇನ್ನೊಂದು ತೆಳು ಹಳದಿಯ ಪಾಲಿಯಾಲ್. "ಕಪ್ಪು ಬಾಟ್ಲಿ ಮುಚ್ಚಳ ತೆಗ್ದಿಡ್ಬೇಡಿ ಸಾರ್, ನಮ್ಮ ಹವೆಗೆ ಮೇಲೆ ಕೆನೆ ಕಟ್ತದೆ" ಅಂದರು. ಅದು ಪೂರ್ತಿ ಸತ್ಯ. ಒಂದು ವಾರದಲ್ಲಿ ನನ್ನ ಬಾಟಲಿಯ ಮುಚ್ಚಳವೇ ಕಚ್ಚಿಕೊಂಡಿತ್ತು.

ಇದಕ್ಕೆ ಹೊರಗಿನ ತೇವ ಬೇಕಿಲ್ಲ. ಎರಡು ದ್ರವ ಸೇರಿದರೆ ಅವೇ ಒಂದಕ್ಕೊಂದು ಹಿಡಿದು ಗಟ್ಟಿಯಾಗುತ್ತವೆ. ಜೊತೆಗೆ ಹುಟ್ಟುವ ಗುಳ್ಳೆ ಅದನ್ನು ಉಬ್ಬಿಸುತ್ತದೆ. ನನಗೆ ಸಿಕ್ಕಿದ್ದು ಸುಮಾರು 25 ಪಟ್ಟು ಉಬ್ಬುವ ಜಾತಿ.

ಮೊದಲ ಸಲ ತಪ್ಪು ಮಾಡಿದೆ. ಒಳಗೆ ರೆಕ್ಕೆಯ ಬುಡಗಳ ನಡುವಿನ ಮೂರೂ ಖಾನೆಗೆ ಬೇಕಾದದ್ದನ್ನು ಒಟ್ಟಿಗೆ ಕಲಸಿ ಗಡಿಬಿಡಿಯಲ್ಲಿ ಹೊಯ್ದೆ. ಒಂದು ಖಾನೆಗೆ ಜಾಸ್ತಿ ಬಿತ್ತು. ಗಾಳಿ ಹೋಗಲು ಬಿಟ್ಟ ತೂತೂ ಚಿಕ್ಕದಾಗಿತ್ತು. ಎರಡೇ ನಿಮಿಷದಲ್ಲಿ ರೆಕ್ಕೆಗಳ ನಡುವಿನ ರಟ್ಟು ಹೊಟ್ಟೆ ಬಂದ ಹಾಗೆ ಉಬ್ಬಿತು. ಮೇಲಿನ ರಿಂಗ್ 3 ಮಿ.ಮೀ. ಜರುಗಿತು. ಗಟ್ಟಿಯಾದ ಮೇಲೆ ಏನು ಮಾಡಿದರೂ ಕೊಳವೆ ಮತ್ತೆ ದುಂಡಗಾಗಲಿಲ್ಲ. ಆ ಬಾಲ ಪೂರ್ತಿ ಹೋಯಿತು, ಇನ್ನೊಂದು ಕಟ್ಟಬೇಕಾಯಿತು.

ಮೂಡೆ ಬೇಯಿಸುವವರಿಗೆ ಇದು ತಕ್ಷಣ ಅರ್ಥ ಆಗುತ್ತದೆ. ಎಲೆಯ ಕೊಟ್ಟೆಗೆ ಹಿಟ್ಟನ್ನು ಬಾಯಿವರೆಗೆ ತುಂಬಿಸುವುದಿಲ್ಲ, ಉಬ್ಬಲು ಜಾಗ ಬಿಡುತ್ತೇವೆ. ಎರಡನೇ ಸಲ ಲೆಕ್ಕ ಹಾಕಿದೆ. ಒಂದು ಖಾನೆಯ ಖಾಲಿ ಜಾಗ ಸುಮಾರು 310 ಸಿಸಿ. ಅದಕ್ಕೆ 15 ಗ್ರಾಂ ಮಿಶ್ರಣ ಸಾಕು. ಗ್ರಾಂ ತಕ್ಕಡಿಯ ಮೇಲೆ ಐಸ್‌ಕ್ರೀಮ್ ಕಪ್ ಇಟ್ಟು ಡಬ್ಬಿಯ ಚೀಟಿಯಲ್ಲಿದ್ದ ಪ್ರಮಾಣದಲ್ಲೇ ಹಾಕಿದೆ. ಹದಿನೈದು ಸೆಕೆಂಡ್ ಜೋರಾಗಿ ಕಲಸುವಷ್ಟರಲ್ಲಿ ಡಿಕಾಕ್ಷನ್ ಬಣ್ಣ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಕಪ್ ಕೈಗೆ ಬೆಚ್ಚಗಾಗುತ್ತದೆ. ಆಗಲೇ ಹೊಯ್ಯಬೇಕು. ಕೊಳವೆಗೆ ಕಿವಿ ಕೊಟ್ಟರೆ ಚಿಟಿಚಿಟಿ ಸಣ್ಣ ಸದ್ದು. ಸ್ವಲ್ಪ ಹೊತ್ತಿಗೆ ರಿಂಗಿನ ತೂತಿನಿಂದ ಬಿಳಿ ನೊರೆ ನಿಧಾನವಾಗಿ ತಲೆ ಹೊರಗೆ ಹಾಕಿತು, ಹಾಗೇ ನಿಂತಿತು. ಅದು ಪೂರ್ತಿ ತಣಿದ ಮೇಲೆ ಮುಂದಿನ ಖಾನೆ. ಒಟ್ಟು 45 ಗ್ರಾಂ.

ದಯವಿಟ್ಟು ಇದನ್ನು ಹೊರಗಿನ ಜಗಲಿಯಲ್ಲೇ ಮಾಡಿ. ಕೈಗವಸು, ಕನ್ನಡಕ, ಆವಿ ತಡೆಯುವ ಮಾಸ್ಕ್ ಮೂರೂ ಬೇಕು. ಐಸೊಸೈನೇಟ್ ಶ್ವಾಸಕ್ಕೆ ಒಳ್ಳೆಯದಲ್ಲ, ಉಬ್ಬಸ ಇದ್ದವರು ಹತ್ತಿರ ಬರಲೇಬಾರದು. ಗಟ್ಟಿಯಾದ ಫೋಮನ್ನು ಬಿಸಿ ತಂತಿಯಲ್ಲಿ ಕೊಯ್ಯುವುದೂ ಬೇಡ. ಅದರ ಹೊಗೆ ವಿಷ.

ಈಗ ಪರೀಕ್ಷೆ. ಸ್ಪ್ರೇ ಫೋಮಿಗೂ ಅವಕಾಶ ಕೊಡಬೇಕೆಂದು ಕೊಯ್ದ ಬಾಲದ ಬದಲು ಇನ್ನೊಂದನ್ನು ಅದೇ ರೀತಿ ತುಂಬಿಸಿ ಹದಿನೈದು ದಿನ ಬಿಟ್ಟೆ. ಬಾಲವನ್ನು ಮೇಜಿಗೆ ಅಡ್ಡ ಬಿಗಿದು, ರೆಕ್ಕೆಯ ತುದಿಗೆ ನೀರು ತುಂಬಿದ 5 ಲೀಟರ್ ಎಣ್ಣೆ ಕ್ಯಾನ್ ತೂಗುಹಾಕಿದೆ. ಎಪಾಕ್ಸಿಯ ರೆಕ್ಕೆ 4 ಮಿ.ಮೀ. ಬಾಗಿತು. ಸ್ಪ್ರೇ ಫೋಮಿನದ್ದು 5. ಪಫ್‌ನದ್ದು 3 ಮಾತ್ರ. ಪಫ್ ಗೆದ್ದಿತು ಎಂದು ಅಕ್ಕನ ಮಗಳು ಆಗಲೇ ಖುಷಿಪಟ್ಟಳು. ಮೂರು ಕ್ಯಾನ್ ತೂಗಿದಾಗ ವಿಷಯ ತಿರುಗಿತು. ಪಫ್ ಬಾಲದ ಒಳಗೆ ಕಿರ್ ಎಂದು ಸದ್ದಾಯಿತು. ಭಾರ ಇಳಿಸಿದ ಮೇಲೂ ರೆಕ್ಕೆ 2 ಮಿ.ಮೀ. ಬಾಗಿಯೇ ಉಳಿಯಿತು. ಎಪಾಕ್ಸಿಯದ್ದು ಮೊದಲಿನ ಜಾಗಕ್ಕೇ ಬಂತು.

ಆಮೇಲೆ ಪಫ್ ಬಾಲ ಕೊಯ್ದು ನೋಡಿದೆ. ರೆಕ್ಕೆಯ ಒಂದು ಮೈಯಿಂದ ಫೋಮ್ ಬಿಟ್ಟುಕೊಂಡಿತ್ತು. ಇನ್ನೊಂದು ಮೈಗೆ ಒತ್ತಿಕೊಂಡು ಗಟ್ಟಿಯಾಗಿ ಕೂತಿತ್ತು. ಈ ಪಫ್ ತಡೆಯುವ ಒತ್ತಡ ಚದರ ಸೆಂಟಿಮೀಟರ್‌ಗೆ ಸುಮಾರು 2 ಕಿಲೊ. ಎಪಾಕ್ಸಿಯದ್ದು ನೂರಾರು ಕಿಲೊ. ಫೋಮ್ ಅಂಟಲ್ಲ, ದಿಂಬು. ಒತ್ತಿದರೆ ಆನಿಸಿಕೊಳ್ಳುತ್ತದೆ, ಎಳೆದರೆ ಬಿಡುತ್ತದೆ. ಬುಡ ಹಿಡಿಯುವ ಕೆಲಸವನ್ನು ಅದಕ್ಕೆ ಒಪ್ಪಿಸಬಾರದು.

ಹಾಗಾದರೆ ಫೋಮ್ ಯಾಕೆ? ಬೀಳಿಸಿದಾಗ ಗೊತ್ತಾಯಿತು. ಹೊಸ ಪಫ್ ಬಾಲ, ಎಪಾಕ್ಸಿ ಬಾಲ, ಸ್ಪ್ರೇ ಬಾಲ ಮೂರಕ್ಕೂ ಮೇಲೆ ಕೊಳವೆ ಜೋಡಿಸಿ, ಮರಳು ತುಂಬಿಸಿ 3 ಕಿಲೊ ಮಾಡಿದೆವು. ಅಂಗಳದ ಕೆಂಪುಕಲ್ಲಿನ ಮೇಲೆ ಒಂದೂವರೆ ಮೀಟರ್ ಎತ್ತರದಿಂದ, ಒಂದು ರೆಕ್ಕೆ ಮೊದಲು ತಾಗುವ ಹಾಗೆ ಬಿಟ್ಟೆವು. ಅಷ್ಟು ಎತ್ತರದಿಂದ ಬಿದ್ದರೆ ನೆಲ ತಾಗುವಾಗಿನ ವೇಗ ಸೆಕೆಂಡಿಗೆ 5.4 ಮೀಟರ್, ಪ್ಯಾರಾಶೂಟಿನಲ್ಲಿ ಇಳಿದಷ್ಟೇ.

ಸ್ಪ್ರೇ ಬಾಲದ ಗೋಡೆ ಎರಡನೇ ಪೆಟ್ಟಿಗೇ ಮಡಚಿತು. ಎಪಾಕ್ಸಿಯದ್ದು ಮೂರನೇ ಪೆಟ್ಟಿಗೆ ಸೀಳಿನ ಪಕ್ಕದ ರಟ್ಟಿನಲ್ಲಿ ಉಗುರಿನಲ್ಲಿ ಗೀರಿದಂಥ ಸುಕ್ಕು ತೋರಿಸಿತು. ಬೆರಳಲ್ಲಿ ಒತ್ತಿದರೆ ಅಲ್ಲಿ ಒಳಗೆ ಹೋಗುತ್ತಿತ್ತು. ಒಳಗಿನ ಅಂಟು ಚೂರೂ ಬಿಟ್ಟಿರಲಿಲ್ಲ, ಸೋತದ್ದು ಗೋಡೆ. ಕಾಲೇಜಿನ ರಾಕೆಟ್‌ನಲ್ಲಿ ಕಿತ್ತು ಬಂದ ಚೂರು ಹೇಳುತ್ತಿದ್ದದ್ದೂ ಇದನ್ನೇ. ಪಫ್ ಬಾಲದ ಗೋಡೆಗೆ ಆರನೇ ಪೆಟ್ಟಿನವರೆಗೂ ಏನೂ ಆಗಲಿಲ್ಲ. ಆರನೆಯದಕ್ಕೆ ರೆಕ್ಕೆಯ ಪ್ಲೈವುಡ್ ಹೊರಗಿನ ಫಿಲೆಟ್‌ಗಿಂತ ಒಂದು ಬೆರಳು ಮೇಲೆ ಮುರಿಯಿತು. ತೆಳು ರಟ್ಟಿಗೆ ಹಿಂದಿನಿಂದ ಆನಿಕೆ ಸಿಕ್ಕಿದರೆ ಎಷ್ಟು ತಡೆಯುತ್ತದೆ ಎಂದು ಆಗ ಕಣ್ಣಾರೆ ನೋಡಿದೆ.

ಪಫ್‌ನ ಮೇಲೆ ನನಗಿರುವ ದೂರು ಒಂದೇ, ರಿಪೇರಿ. ಎಪಾಕ್ಸಿ ಬಾಲದ ಕೆಳಗಿನ ರಿಂಗ್ ಕೊಯ್ದು ಒಳಗೆ ಕೈ ಹಾಕಿ ಹೊಸ ರೆಕ್ಕೆ ಕೂರಿಸಬಹುದು. ಪಫ್ ತುಂಬಿದ್ದರೆ ಹಳೆಯ ಬುಡವನ್ನು ಉಳಿಯಿಂದ ಕೆತ್ತಿ ಕೆತ್ತಿ ತೆಗೆಯಬೇಕು. ನಾನು ಒಂದು ರೆಕ್ಕೆಗೆ ಒಂದು ಭಾನುವಾರ ಪೂರ್ತಿ ಕೂತೆ.

ತೂಕದ ಪ್ರಶ್ನೆಯೂ ಉಂಟು. ಈ 45 ಗ್ರಾಂ ಕೂರುವುದು ಬಾಲದಲ್ಲಿ. ರಾಕೆಟ್ ನೇರ ಹಾರಬೇಕಾದರೆ ತೂಕದ ಕೇಂದ್ರ ಗಾಳಿಯ ಒತ್ತಡದ ಕೇಂದ್ರಕ್ಕಿಂತ ಕನಿಷ್ಠ ಕೊಳವೆಯ ಅಗಲದಷ್ಟು ಮುಂದಿರಬೇಕು. ನಮ್ಮದು 3 ಕಿಲೊ ರಾಕೆಟ್. ಬಾಲ ತೂಕದ ಕೇಂದ್ರದಿಂದ 50 ಸೆಂಟಿಮೀಟರ್ ಹಿಂದೆ. ಲೆಕ್ಕ ಹಾಕಿದರೆ ಕೇಂದ್ರ ಸುಮಾರು 7 ಮಿ.ಮೀ. ಹಿಂದೆ ಸರಿಯುತ್ತದೆ, ಅಷ್ಟು ಸಹಿಸಬಹುದು. ಆದರೆ 300 ಗ್ರಾಂನ ಚಿಕ್ಕ ರಾಕೆಟ್‌ನ ಬಾಲಕ್ಕೆ ಉತ್ಸಾಹದಲ್ಲಿ ಫೋಮ್ ತುಂಬಿಸಬೇಡಿ. ಅಲ್ಲಿ ಕೊಳವೆ ಮತ್ತು ಮೋಟರ್ ಟ್ಯೂಬ್ ನಡುವೆ ಅಂತರವೇ ಕಡಿಮೆ, ಒಳ್ಳೆಯ ಫಿಲೆಟ್ ಧಾರಾಳ ಸಾಕು.

ಜೋರು ವೇಗದಲ್ಲಿ ರೆಕ್ಕೆ ಪಟಪಟ ನಡುಗಿ ಮುರಿಯುವುದಕ್ಕೂ ಫೋಮ್ ಮದ್ದಲ್ಲ. ಕೊಳವೆಯ ಹೊರಗಿರುವ ರೆಕ್ಕೆ ಫೋಮ್‌ನಿಂದ ದಪ್ಪ ಆಗುವುದಿಲ್ಲವಲ್ಲ. ಅದಕ್ಕೆ ದಪ್ಪ ಪ್ಲೈವುಡ್ ಬೇಕು, ಇಲ್ಲವೇ ಒಂದು ರೆಕ್ಕೆಯ ತುದಿಯಿಂದ ಪಕ್ಕದ ರೆಕ್ಕೆಯ ತುದಿವರೆಗೆ ಫೈಬರ್ ಬಟ್ಟೆ ಅಂಟಿಸಬೇಕು. ಬೋಟ್ ಶೆಡ್ಡಿನಲ್ಲಿ ಫೈಬರ್ ಬಟ್ಟೆಯೂ ಸಿಕ್ಕಿತು. ಆದರೆ ಅವರ ಪಾಲಿಯೆಸ್ಟರ್ ರೆಸಿನ್ ಎಪಾಕ್ಸಿ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಬಟ್ಟೆ ಅವರದ್ದು, ಅಂಟು ನಮ್ಮ ಎಪಾಕ್ಸಿಯೇ ಆಗಬೇಕು.

ಕಾಲೇಜಿನ ಹೊಸ ರಾಕೆಟ್‌ಗೆ ಎರಡನ್ನೂ ಸೇರಿಸಿದೆವು. ರೆಕ್ಕೆಯ ಬುಡ ಮೋಟರ್ ಟ್ಯೂಬ್‌ಗೆ ಕೂರುವ ಮೂಲೆಗೆ ಒರಟು ಮಾಡಿ ಎಪಾಕ್ಸಿ ಫಿಲೆಟ್. ಅದು ಗಟ್ಟಿಯಾದ ಮೇಲೆ ಖಾನೆಗೆ 15 ಗ್ರಾಂನಂತೆ ಪಫ್. ಕೆಳಗಿನ ರಿಂಗಿನ ತೂತುಗಳಿಗೆ ಎಪಾಕ್ಸಿ ಮುಚ್ಚಳ, ಮೋಟರ್‌ನ ಬಿಸಿ ಗಾಳಿ ಫೋಮಿಗೆ ತಾಗದ ಹಾಗೆ. ಅಂಗಳದಲ್ಲಿ ಎಂಟು ಸಲ ಬೀಳಿಸಿದ್ದೇವೆ, ರೆಕ್ಕೆಯ ತುದಿಯ ಬಣ್ಣ ಮಾತ್ರ ಹೋಗಿದೆ. ಹಿಂದೆ ಸರಿದ ತೂಕಕ್ಕೆ ಸಮ ಮಾಡಲು ಮೂತಿಗೆ 26 ಗ್ರಾಂ ಬೇಕಿತ್ತು. ಅಕ್ಕನ ಮಗಳು ಮಲ್ಪೆಯಿಂದಲೇ ಬಲೆಗೆ ಕಟ್ಟುವ ಸೀಸದ ಗುಂಡು ತಂದು ಎಪಾಕ್ಸಿಯಲ್ಲಿ ಕೂರಿಸಿದ್ದಾಳೆ.