ಥರ್ಮಲ್ ಕಂಫರ್ಟ್ ರಿಪೋರ್ಟಿಗೆ ಪೂರ್ತಿ ದುಡ್ಡು ಕೊಡುವ ಮುಂಚೆ ಐಡಿಎಫ್ ಫೈಲ್ ತೆಗೆದು ನೋಡಿ

ಕಟ್ಟಡದೊಳಗಿನ ಶಾಖ, ಎಸಿಯ ಲೆಕ್ಕ ಹಾಕುವ ಎನರ್ಜಿಪ್ಲಸ್ ಸಾಫ್ಟ್‌ವೇರಿನಲ್ಲಿ ಮಾಡಿದ್ದು ಅಂತ ಕನ್ಸಲ್ಟೆಂಟರು ನಮ್ಮ ಕಟ್ಟಡಕ್ಕೆ ಕೊಟ್ಟ ಥರ್ಮಲ್ ಕಂಫರ್ಟ್ ರಿಪೋರ್ಟಿನ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿತ್ತು: ವರ್ಷದ ಶೇ. 94ರಷ್ಟು ಗಂಟೆಗಳಲ್ಲಿ ಪಿಎಂವಿ (ಜನರಿಗೆ ಎಷ್ಟು ಸೆಕೆ, ಎಷ್ಟು ಚಳಿ ಅನ್ನಿಸುತ್ತದೆ ಅನ್ನುವ ಅಂಕ, ಸೊನ್ನೆ ಅಂದರೆ ಹಿತ) ±0.5ರ ಒಳಗೆ, ಅನ್‌ಮೆಟ್ ಅವರ್ಸ್ (ಎಸಿ ತನಗೆ ಕೊಟ್ಟ ತಾಪಮಾನ, ಅಂದರೆ ಸೆಟ್‌ಪಾಯಿಂಟ್, ಮುಟ್ಟದ ಗಂಟೆಗಳು) 0. ಆ ಸೊನ್ನೆ ಕಂಡರೆ ಯಾರಿಗಾದರೂ ಅನುಮಾನ ಬರಬೇಕು. ರಜೆ ಕಳೆದು ಎಸಿ ಹಾಕಿದ ಮೊದಲ ಗಂಟೆ ಸೆಟ್‌ಪಾಯಿಂಟ್ ಮುಟ್ಟದೇ ಹೋಗುವುದು ಮಾಮೂಲು. ಇಡೀ ವರ್ಷ ಒಂದು ಗಂಟೆಯೂ ತಪ್ಪಲಿಲ್ಲವಂತೆ!

ಐಡಿಎಫ್ ಫೈಲ್ ಕಳಿಸಿ ಅಂದರೆ ಬಂದ ಉತ್ತರ: "ಅದು ನಿಮಗೆ ಅರ್ಥ ಆಗಲ್ಲ ಸಾರ್, ರಿಪೋರ್ಟ್ ಇದೆಯಲ್ಲ." ಐಡಿಎಫ್ ಅಂದರೆ ಕಟ್ಟಡ, ಎಸಿ ಬಗ್ಗೆ ಸಾಫ್ಟ್‌ವೇರಿಗೆ ಹಾಕಿದ ಮಾಹಿತಿ ಇರುವ ಬರೀ ಟೆಕ್ಸ್ಟ್ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತದೆ. ಬೆನ್ನು ಬಿದ್ದ ಮೇಲೆ ಕಳಿಸಿದರು. ತೆರೆದು ನೋಡಿದರೆ ಎಸಿಯ ಜಾಗದಲ್ಲಿ ಇದ್ದದ್ದು "ಐಡಿಯಲ್ ಲೋಡ್ಸ್ ಏರ್ ಸಿಸ್ಟಮ್". ಕೂಲಿಂಗ್ ಲಿಮಿಟ್ ಎದುರಿಗೆ "ನೋ ಲಿಮಿಟ್".

ನೋ ಲಿಮಿಟ್! ಅಂದರೆ ಎಷ್ಟೇ ಶಾಖ ಒಳಗೆ ಬಂದರೂ ಅಷ್ಟನ್ನೂ ಆ ಕ್ಷಣವೇ ಹೀರುವ, ಭೂಮಿಯ ಮೇಲೆ ಎಲ್ಲೂ ಇಲ್ಲದ ಒಂದು ಎಸಿ. ಅದಕ್ಕೆ 24 ಡಿಗ್ರಿ ಕೊಟ್ಟರೆ 24 ಬಂದೇ ಬರುತ್ತದೆ, ಗೋಡೆಗೆ ಇನ್ಸುಲೇಶನ್ ಇರಲಿ ಬಿಡಲಿ. ಅನ್‌ಮೆಟ್ ಅವರ್ಸ್ ಸೊನ್ನೆ ಆಗದೆ ಇನ್ನೇನಾಗುತ್ತದೆ? ಪ್ರತಿ ಯೂನಿಟ್ಟಿನ ಕಿಲೋವ್ಯಾಟ್ ಬರೆದಿದ್ದ ಡ್ರಾಯಿಂಗ್ ಅವರ ಕೈಯಲ್ಲೇ ಇತ್ತು. ಒಂದನ್ನೂ ಹಾಕಿಲ್ಲ. ವಿನ್ಯಾಸದ ಆರಂಭದಲ್ಲಿ ಲೋಡ್ ಅಂದಾಜಿಗೆ ಐಡಿಯಲ್ ಲೋಡ್ಸ್ ಬಳಸಿದರೆ ತಕರಾರಿಲ್ಲ. ಈ ಎಸಿ ಈ ಕಟ್ಟಡಕ್ಕೆ ಸಾಕೇ ಅನ್ನುವ ಪ್ರಶ್ನೆಗೆ ಅದನ್ನೇ ಉತ್ತರ ಅಂತ ಮಾರಿದ್ದು ಮೋಸ. ಎನರ್ಜಿಪ್ಲಸ್ಸನ್ನೇ ಬಳಸುವ ಡಿಸೈನ್‌ಬಿಲ್ಡರ್ ಸಾಫ್ಟ್‌ವೇರಿನಲ್ಲಿ "ಸಿಂಪಲ್ ಎಚ್‌ವಿಎಸಿ" ಅಂತ ಕಂಡರೂ ಒಳಗೆ ಇರುವುದು ಇದೇ.

ಕೇಳಿದ್ದಕ್ಕೆ ಉತ್ತರ: "ಎಲ್ಲರೂ ಹೀಗೇ ಮಾಡೋದು."

ಆಮೇಲೆ ಝೋನ್, ಅಂದರೆ ಒಳಗೆಲ್ಲ ಒಂದೇ ತಾಪಮಾನ ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುವ ಭಾಗ. ಇಡೀ ಮಹಡಿಗೆ ಒಂದೇ ಝೋನ್! ಪಶ್ಚಿಮಕ್ಕೆ ಪೂರ್ತಿ ಗಾಜು ಇರುವ ಮಹಡಿ ಅದು. ಮಾಮೂಲಿ ಸೆಟ್ಟಿಂಗಿನಲ್ಲಿ ಎನರ್ಜಿಪ್ಲಸ್ ರೇಡಿಯಂಟ್ ತಾಪಮಾನವನ್ನು (ಸುತ್ತಲಿನ ಗೋಡೆ, ಗಾಜುಗಳಿಂದ ಮೈಗೆ ತಟ್ಟುವ ಶಾಖದ ಅಳತೆ) ಝೋನಿನ ಎಲ್ಲ ಮೇಲ್ಮೈಗಳ ಸರಾಸರಿಯಾಗಿ ತೆಗೆಯುತ್ತದೆ. ಕಾದ ಗಾಜು ಆ ದೊಡ್ಡ ನೆಲ, ದೊಡ್ಡ ಸೀಲಿಂಗಿನ ಸರಾಸರಿಯಲ್ಲಿ ಕರಗಿಹೋಗುತ್ತದೆ. ಗಾಜಿನ ಪಕ್ಕ ಕೂತವರ ಲೆಕ್ಕ ಬೇರೆ: ಗಾಳಿ 24, ಸುತ್ತಲಿನ ರೇಡಿಯಂಟ್ 32 ಇದ್ದರೆ ನಿಧಾನ ಗಾಳಿಯಲ್ಲಿ ಆಪರೇಟಿವ್ ತಾಪಮಾನ, ಅಂದರೆ ಎರಡೂ ಸೇರಿ ಮೈಗೆ ಅನ್ನಿಸುವುದು, ಎರಡರ ಸರಾಸರಿ, 28. ಬೇಸಿಗೆ ಉಡುಪಿನಲ್ಲಿ ಕೂತು ಕೆಲಸ ಮಾಡುವವರಿಗೆ ಪಿಎಂವಿ ಅಲ್ಲೇ 0.5 ದಾಟುತ್ತದೆ. ಮೈಮೇಲೆ ನೇರ ಬೀಳುವ ಬಿಸಿಲಂತೂ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹೊರಗೋಡೆಯಿಂದ ಸುಮಾರು 4.5 ಮೀಟರ್ ಒಳಕ್ಕೆ ದಿಕ್ಕಿಗೊಂದು ಝೋನ್, ನಡುವೆ ಒಂದು ಕೋರ್, ಇಷ್ಟಾದರೂ ಬೇಡವೇ?

ಇದಕ್ಕೆ ಅವರು ಕೊಟ್ಟ ಪರಿಹಾರ ಕೇಳಿ: "ಹಾಗಾದರೆ ಅಡಾಪ್ಟಿವ್ ಮಾಡೆಲ್‌ನಲ್ಲಿ ಪಾಸ್ ಮಾಡಿಸಿ ಕೊಡುತ್ತೇವೆ."

ಪಾಸ್ ಮಾಡಿಸಿ ಕೊಡುತ್ತಾರಂತೆ. ಅಮೆರಿಕದ ಕಂಫರ್ಟ್ ಮಾನದಂಡವಾದ ಆಶ್ರೇ 55ರ ಅಡಾಪ್ಟಿವ್ ಸೂತ್ರ, ಹೊರಗಿನ ಹವೆಗೆ ತಕ್ಕಂತೆ ಒಳಗಿನ ಮಿತಿ ಹೇಳುವಂಥದ್ದು: ಹೊರಗಿನ ಸರಾಸರಿ ತಾಪಮಾನದ 0.31 ಪಟ್ಟು, ಅದಕ್ಕೆ 17.8 ಕೂಡಿಸಿ, ಶೇ. 80 ಜನರ ಒಪ್ಪಿಗೆಗೆ ಆಚೀಚೆ 3.5 ಡಿಗ್ರಿ. ಹೊರಗೆ 28 ಇದ್ದರೆ ಹತ್ತಿರ ಹತ್ತಿರ 30 ಡಿಗ್ರಿವರೆಗೂ ಪಾಸ್. ಆದರೆ ಅದು ಇರುವುದು ಕಿಟಕಿ ತೆರೆದು ಮುಚ್ಚುವುದು ಒಳಗಿದ್ದವರ ಕೈಯಲ್ಲೇ ಇರುವ, ಎಸಿ ಇಲ್ಲದ ಜಾಗಕ್ಕೆ. ನಮ್ಮದು ಒಂದು ಕಿಟಕಿಯೂ ತೆರೆಯದ ಸೀಲ್ ಮಾಡಿದ ಗಾಜು. ಇದು ಗೊತ್ತಿದ್ದೇ ಹೇಳಿದ ಮಾತು, ಅದಕ್ಕೇ ಮೈ ಉರಿಯುತ್ತದೆ.

ಇನ್ನು ಆ ಶೇ. 94. ಭಾಗಿಸಿದ್ದು ವರ್ಷದ 8760 ಗಂಟೆಯಿಂದ, ರಾತ್ರಿ, ಭಾನುವಾರ ಎಲ್ಲ ಸೇರಿಸಿ. ದಿನಕ್ಕೆ 9 ಗಂಟೆ, ವಾರಕ್ಕೆ 5 ದಿನ ಅಂದರೆ ಜನ ಇರುವುದು 2340 ಗಂಟೆ. ಉಳಿದ ಶೇ. 6 ಅಂದರೆ ಸುಮಾರು 525 ಗಂಟೆ. ಗಂಟೆಗಂಟೆಯ ಫಲಿತಾಂಶ ಇರುವ ಅವರ ಸಿಎಸ್‌ವಿ ಫೈಲ್ ತೆಗೆದು ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಕೆಲಸದ ಮಧ್ಯಾಹ್ನಗಳೇ. ಜನ ಕೂತಿರುವ ಸಮಯದ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ! ಅದೂ ಮಿತಿಯಿಲ್ಲದ ಎಸಿ ಹಾಕಿದ ಮೇಲೆ.

"ಸಾಫ್ಟ್‌ವೇರ್ ಕೊಟ್ಟಿದ್ದನ್ನೇ ಕೊಟ್ಟಿದ್ದೇವೆ" ಅನ್ನುವುದು ಕೊನೆಯ ಉತ್ತರ. ಹಾಕಿದ್ದೇನು ಅನ್ನುವುದಕ್ಕೆ ಇವತ್ತಿಗೂ ಉತ್ತರವಿಲ್ಲ. ದುಡ್ಡು ವಾಪಸ್ ಬಂದಿಲ್ಲ.

ಮಾಡಿಸುವವರು ಐಡಿಎಫ್, ಇಪಿಡಬ್ಲ್ಯೂ ಹವಾಮಾನ ಫೈಲ್, ಗಂಟೆವಾರು ಸಿಎಸ್‌ವಿ ಮೂರನ್ನೂ ಒಪ್ಪಂದದಲ್ಲೇ ಬರೆಸಿ. ಐಡಿಎಫ್‌ನಲ್ಲಿ "IdealLoads" ಅಂತ, ನಡುವೆ ಜಾಗ ಬಿಡದೆ, ಹುಡುಕಿ. ಝೋನ್ ಎಷ್ಟಿವೆ ಎಣಿಸಿ. ಏರ್ ವೆಲಾಸಿಟಿ ಶೆಡ್ಯೂಲ್ (ಒಳಗಿನ ಗಾಳಿಯ ವೇಗ; ಜಾಸ್ತಿ ಹಾಕಿದಷ್ಟೂ ಲೆಕ್ಕದಲ್ಲಿ ತಂಪು) ನೋಡಿ, ಫ್ಯಾನ್ ಇಲ್ಲದ ಕೋಣೆಗೆ ಸೆಕೆಂಡಿಗೆ 0.1–0.15 ಮೀಟರ್ ಬಿಟ್ಟು 0.5 ಹಾಕಿದ್ದರೆ ಫಲಿತಾಂಶ ತಿದ್ದಿದ್ದಾರೆ ಅಂತಲೇ ತಿಳಿಯಿರಿ. ಶೇಕಡಾವಾರು ಲೆಕ್ಕ ಜನ ಇರುವ ಗಂಟೆಗಳದ್ದೇ ಇರಲಿ. ಫೈಲ್ ಕೊಡಲ್ಲ ಅಂದರೆ ಕೊನೆಯ ಕಂತು ಬಿಡುಗಡೆ ಮಾಡಬೇಡಿ.