ಇಂಟೆಲ್ ಐ210 ನೆಟ್‌ವರ್ಕ್ ಕಾರ್ಡ್: ಡೊಂಬಿವಲಿಯ ಮಳೆಗಾಲಗಳನ್ನು ದಾಟಿದ ಮೇಲೆ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದೊಂದು ಪುಟ್ಟ ಲೆಕ್ಕಪತ್ರದ ಆಫೀಸು. ಗಿರಾಕಿಗಳಲ್ಲಿ ಉಡುಪಿ, ಕುಂದಾಪುರ ಕಡೆಯ ಹೋಟೆಲ್‌ನವರೇ ಜಾಸ್ತಿ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಪೂರ್ತಿ ಒಂದು ಕಂಪ್ಯೂಟರ್‌ನಲ್ಲಿದೆ. ಉಳಿದವರು ನೆಟ್‌ವರ್ಕ್ ಮೂಲಕ ಅದನ್ನೇ ತೆರೆಯುತ್ತಾರೆ. ಆ ಕಂಪ್ಯೂಟರ್‌ಗೆ ಇಂಟೆಲ್ ಐ210-ಟಿ1 ಕಾರ್ಡ್ (ನೆಟ್‌ವರ್ಕ್ ಕೇಬಲ್ ಸಿಕ್ಕಿಸಲು ಬೇರೆ ಪೋರ್ಟ್ ಕೊಡುವಂಥದ್ದು) ಹಾಕಿ ಕೆಲವು ಮಳೆಗಾಲ ಕಳೆದವು. ಅದನ್ನು ಯಾಕೆ ಹಾಕಬೇಕಾಯಿತು ಅಂತ ಮೊದಲು ಹೇಳುತ್ತೇನೆ. ನಿಮಗೂ ಕಾರ್ಡ್ ಬೇಕೋ ಬೇಡವೋ ಅನ್ನುವುದು ಅದರಿಂದಲೇ ತಿಳಿಯುತ್ತದೆ.

ಮದರ್‌ಬೋರ್ಡ್‌ನಲ್ಲೇ ಇದ್ದ ನೆಟ್‌ವರ್ಕ್ ಪೋರ್ಟ್ ಪೂರ್ತಿ ಸತ್ತಿದ್ದರೆ ಎಷ್ಟೋ ಒಳ್ಳೆಯದಿತ್ತು, ತಕ್ಷಣ ಗೊತ್ತಾಗುತ್ತಿತ್ತು. ನಮ್ಮದು ಅರ್ಧ ಸತ್ತಿತ್ತು. ಲೈಟ್ ಉರಿಯುತ್ತಿತ್ತು, ಪಿಂಗ್ (ಸಂಪರ್ಕ ಇದೆಯೇ ಅಂತ ನೋಡಲು ಕಳಿಸುವ ಪುಟ್ಟ ಸಂದೇಶ) ಹೋಗುತ್ತಿತ್ತು. ಆದರೆ ಟ್ಯಾಲಿಯಲ್ಲಿ ಒಂದು ಲೆಡ್ಜರ್ ತೆರೆಯಲು ಕಾಯಬೇಕು, ಬ್ಯಾಕಪ್ ಮುಗಿಯುವುದೇ ಇಲ್ಲ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ 11 ಮತ್ತು 20ನೇ ತಾರೀಕು ಹತ್ತಿರ ಬಂದರೆ ಎಲ್ಲರಿಗೂ ಸಂಕಟ. ಇಂಥ ಹೊತ್ತಿನಲ್ಲಿ ಎಲ್ಲರೂ ಬೈಯುವುದು ಬ್ರಾಡ್‌ಬ್ಯಾಂಡ್‌ನವರನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಅದು.

ಆಫೀಸಿನೊಳಗೇ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ದೊಡ್ಡ ಫೈಲ್ ಕಾಪಿ ಮಾಡಿ ನೋಡಿ. ಗಿಗಾಬಿಟ್ ಜಾಲದಲ್ಲಿ, ಡಿಸ್ಕ್ ಚೆನ್ನಾಗಿದ್ದರೆ, ಸೆಕೆಂಡಿಗೆ ಸುಮಾರು 110 ಎಂಬಿ ಸಿಗಬೇಕು. ಸರಿಯಾಗಿ 11-12ಕ್ಕೆ ನಿಂತರೆ ಲಿಂಕ್ 100 ಮೆಗಾಬಿಟ್‌ಗೆ ಇಳಿದಿರಬಹುದು. ಆಗ ಮೊದಲ ಅನುಮಾನ ಕೇಬಲ್ ಮೇಲೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಜೋಡಿ ಸಾಕು. ನಮ್ಮಲ್ಲಿ ಹಾಗಾಗಿರಲಿಲ್ಲ. ಲಿಂಕ್ 1 ಗಿಗಾಬಿಟ್ ಅಂತಲೇ ತೋರಿಸುತ್ತಿತ್ತು, ವೇಗ ಮಾತ್ರ ಏಳುತ್ತಾ ಬೀಳುತ್ತಾ ಇತ್ತು.

ಕೇಬಲ್ ಬದಲಿಸಿದೆ, ಎಲ್ಲ ಕಂಪ್ಯೂಟರ್‌ಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್‌ನ ಪೋರ್ಟ್ ಬದಲಿಸಿದೆ, ತೊಂದರೆ ಕಂಪ್ಯೂಟರ್‌ನಲ್ಲೇ ಉಳಿಯಿತು. ಅದೇ ಕೇಬಲ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಪೂರ್ತಿ ವೇಗ. ಇನ್ನು ಉಳಿದದ್ದು ಡ್ರೈವರ್, ಅಂದರೆ ಪೋರ್ಟನ್ನು ನಡೆಸುವ ಸಾಫ್ಟ್‌ವೇರ್. ವಿಂಡೋಸ್ ಬದಲು ಪೆನ್‌ಡ್ರೈವ್‌ನಿಂದ ಲಿನಕ್ಸ್ ಹಾಕಿ ನೋಡಿದೆ, ಅಲ್ಲೂ ಅದೇ ಕಥೆ. ಅಲ್ಲಿ ಈಥ್‌ಟೂಲ್ ಅನ್ನುವ ಕಮಾಂಡ್ ಇದೆ, ಕೆಟ್ಟು ಬಂದ ಪ್ಯಾಕೆಟ್‌ಗಳ (ಡೇಟಾದ ತುಣುಕುಗಳ) ಲೆಕ್ಕ ಕೊಡುತ್ತದೆ. ಫೈಲ್ ಕಾಪಿ ಆಗುತ್ತಿದ್ದಂತೆ ಸಿಆರ್‌ಸಿ ಎರರ್, ಅಂದರೆ ಹಾಗೆ ಕೆಟ್ಟವುಗಳ ಲೆಕ್ಕ, ಕಣ್ಣೆದುರೇ ಏರುತ್ತಿತ್ತು. 32 ಬೈಟ್‌ನ ಪಿಂಗ್ ಸಲೀಸಾಗಿ ಹೋಗುತ್ತಿತ್ತು, 1400 ಬೈಟ್ ಮಾಡಿದರೆ ನಡುನಡುವೆ ಕಾಣೆ. ಪ್ಯಾಕೆಟ್ ಉದ್ದವಾದಷ್ಟೂ ಅದರಲ್ಲೊಂದು ಬಿಟ್ ಕೆಡುವ ಸಾಧ್ಯತೆ ಜಾಸ್ತಿ, ಅಲ್ವಾ? ಪ್ಯಾಕೆಟ್ ಕಳೆದಾಗಲೆಲ್ಲ, ಡೇಟಾ ಸಾಗಿಸುವ ನಿಯಮಾವಳಿಯಾದ ಟಿಸಿಪಿ, ದಾರಿಯಲ್ಲಿ ದಟ್ಟಣೆ ಇದೆ ಅಂದುಕೊಂಡು ತಾನೇ ನಿಧಾನ ಮಾಡುತ್ತದೆ. ಅದಕ್ಕೇ ಸ್ವಲ್ಪ ಕೆಟ್ಟರೂ ವೇಗ ಅಷ್ಟೊಂದು ಕುಸಿಯುವುದು.

ಟಾರ್ಚ್ ಹಿಡಿದು ನೋಡಿದರೆ ಪೋರ್ಟ್‌ನ ಪಿನ್‌ಗಳ ಮೇಲೆ ಹಸಿರು ಕಿಲುಬು. ಮುಂಬೈ ಕಡೆಯ ತೇವದ ಗಾಳಿಗೆ ಇದು ಹೊಸತಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದರೂ ಗುಣವಾಗಲಿಲ್ಲ.

ಕಾರ್ಡ್ ತಂದದ್ದು ಗ್ರ್ಯಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್‌ನಿಂದ. ಇಂಟೆಲ್ ಹೆಸರಿನ ನಕಲಿ ಕಾರ್ಡ್‌ಗಳು ಮಾರುಕಟ್ಟೆಯಲ್ಲಿವೆ, ಬಿಲ್ ಇಲ್ಲದೆ ದಯವಿಟ್ಟು ಕೊಳ್ಳಬೇಡಿ. ಪಿಸಿಐ ಎಕ್ಸ್‌ಪ್ರೆಸ್‌ನ ಅತಿ ಚಿಕ್ಕ ಸ್ಲಾಟ್ ಸಾಕು. ಹಳೆಯ ಪೋರ್ಟನ್ನು ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಆಫ್ ಮಾಡಿದೆ. ವಿಂಡೋಸ್ ತಾನಾಗೇ ಗುರುತಿಸಿತು, ಲಿನಕ್ಸ್‌ನಲ್ಲೂ ಡ್ರೈವರ್ ಮೊದಲೇ ಇದೆ. ಅವತ್ತಿನಿಂದ ಇವತ್ತಿನವರೆಗೆ 110ರ ಆಸುಪಾಸಿನಿಂದ ಇಳಿದಿಲ್ಲ. ಒಂದು ವಾಟ್‌ಗಿಂತ ಕಡಿಮೆ ವಿದ್ಯುತ್, ಬಿಸಿಯೂ ಆಗುವುದಿಲ್ಲ. ಮಳೆಗಾಲ ಮುಗಿದ ಮೇಲೊಮ್ಮೆ ಪಿನ್ ನೋಡುತ್ತೇನೆ, ಈವರೆಗೆ ಹೊಳಪು ಹಾಗೇ ಇದೆ.

ಕೊರತೆಯೂ ಇದೆ. ವೇಗ 1 ಗಿಗಾಬಿಟ್ ಮಾತ್ರ. 2.5 ಗಿಗಾಬಿಟ್‌ನ ಸ್ವಿಚ್ ಹಾಕುವ ಯೋಚನೆ ಇದ್ದರೆ ಇದನ್ನು ಕೊಳ್ಳಬೇಡಿ. ಮನೆಯ ಒಂದೇ ಕಂಪ್ಯೂಟರ್‌ಗೆ ಇಷ್ಟು ಖರ್ಚು ಸುಮ್ನೆ ದಂಡ, ರಿಯಲ್‌ಟೆಕ್ ಚಿಪ್‌ನ ಅಗ್ಗದ ಕಾರ್ಡೇ ಸಾಕು. ಇಡೀ ಆಫೀಸು ನೆಚ್ಚಿಕೊಂಡ ಕಂಪ್ಯೂಟರ್‌ಗೆ ಮಾತ್ರ ನಾನು ಇದನ್ನೇ ಹೇಳುತ್ತೇನೆ.

ಕಾರ್ಡ್ ಕೊಳ್ಳುವ ಮೊದಲು ಒಂದು ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಹಾಕಿ ಪರೀಕ್ಷಿಸಿ. ಅದರಲ್ಲಿ ವೇಗ ಬಂದರೆ ತಪ್ಪು ಪೋರ್ಟ್‌ನದ್ದು, ಇಲ್ಲವೇ ಅದರ ಡ್ರೈವರ್‌ನದ್ದು. ಅಡಾಪ್ಟರ್ ಯುಎಸ್‌ಬಿ 3.0 ಆಗಿರಲಿ. 2.0ರ ಮಿತಿ 480 ಮೆಗಾಬಿಟ್, ಅದರಲ್ಲಿ ಗಿಗಾಬಿಟ್ ಬರುವುದೇ ಇಲ್ಲ.